ಒಂದೇ ಡಿಶ್, ಮೂರು ಟಿವಿ: ತಮ್ಮ ಬಾಕ್ಸ್ ಹಚ್ಚಿದರೆ ಅವ್ವನ ಟಿವಿ ಹೋಗುತ್ತದೆ

ಜಮಖಂಡಿ ಮಾಳಿಗೆ (ಶನಿವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಮ್ಮದು ಜಮಖಂಡಿಯಲ್ಲಿ ಹಳೇ ಮನೆ. ಪಡಸಾಲೆಯಲ್ಲಿ ಅವ್ವನ ಟಿವಿ, ಹಿಂದಿನ ಕೋಣೆಯಲ್ಲಿ ನಮ್ಮದು, ಮೇಲೆ ಹೊಸದಾಗಿ ಕಟ್ಟಿದ ಕೋಣೆಯಲ್ಲಿ ತಮ್ಮನದು. ಒಲೆ ಒಂದೇ, ಟಿವಿ ಮೂರು. ಮಾಳಿಗೆ ಮೇಲೆ ಡಿಡಿ ಫ್ರೀ ಡಿಶ್‌ಗೆ ಅಂತ ಎರಡಡಿಯ ಒಂದು ಡಿಶ್ ಇದೆ. ಇನ್ನೆರಡು ಹಾಕಿಸಿದರೆ ಅವ್ವನಿಗೆ ಶಾವಿಗೆ ಒಣಗಿಸಲು ಜಾಗ ಉಳಿಯುವುದಿಲ್ಲ. ಈ ಮಾತು ಅವಳದ್ದೇ, ನನ್ನದಲ್ಲ.

ಹಾಗಾಗಿ ಒಂದೇ ಡಿಶ್‌ನಿಂದ ಮೂರೂ ಕಡೆ ಕೊಡೋಣ ಅಂತ ಶುರು ಮಾಡಿದೆ. ಮೊದಲು ಮನೆಯಲ್ಲೇ ಬಿದ್ದಿದ್ದ ಹಳೇ ಕೇಬಲ್ ಟಿವಿ ಸ್ಪ್ಲಿಟರ್ ಹಾಕಿದೆ. ಎರಡೂ ಟಿವಿಯಲ್ಲಿ ಏನೂ ಬರಲಿಲ್ಲ. ಪೇಟೆಗೆ ಹೋಗಿ ಡಿಶ್‌ಗೆ ಅಂತಲೇ ಕೇಳಿ ಎರಡು ದಾರಿಯ ಸ್ಪ್ಲಿಟರ್ ತಂದೆ. ಚಿತ್ರ ಬಂತು. ಆದರೆ ಅವ್ವ ರಾತ್ರಿ ಪ್ಲಗ್ ಕಿತ್ತು ಮಲಗಿದರೆ ನಮ್ಮ ಟಿವಿಯೂ ಮಲಗುತ್ತಿತ್ತು. ಅಂಗಡಿಯವನಿಗೆ ಹೇಳಿದೆ. "ಎಲ್ಲಾ ಕಡೆಯಿಂದ ಪವರ್ ಪಾಸ್ ಆಗೋದು ತಗೋರಿ" ಅಂತ ನಾಲ್ಕು ದಾರಿಯದ್ದು ಕೊಟ್ಟ. ಅದನ್ನು ಹಾಕಿದ ಮೇಲೆ 15 ದಿನ ಎರಡೂ ಟಿವಿ ಚೊಕ್ಕ ನಡೆದವು.

ಈಗ ತಮ್ಮ ಹುಬ್ಬಳ್ಳಿಯ ರೂಮು ಖಾಲಿ ಮಾಡಿ ಊರಿಗೆ ಬಂದಿದ್ದಾನೆ. ಅಲ್ಲಿದ್ದ ಬಾಕ್ಸ್ ಕೂಡ ತಂದಿದ್ದಾನೆ. ಅದನ್ನು ಮೂರನೇ ದಾರಿಗೆ ಸೇರಿಸಿದೆವು. ಅವನ ಟಿವಿಯಲ್ಲಿ ಸಿಗ್ನಲ್ ಇಲ್ಲ ಅಂತ ಬಂತು. ಅದು ಹೋಗಲಿ, ಅವನು ಬಾಕ್ಸ್ ಹಚ್ಚಿದ ಕೂಡಲೇ ಅವ್ವನದೂ ನಮ್ಮದೂ ಹೋದವು! ರಿಮೋಟಿನಿಂದ ಬಂದ್ ಮಾಡಿದರೂ ಬರುವುದಿಲ್ಲ. ಪ್ಲಗ್ ಕಿತ್ತರೆ ಮಾತ್ರ ವಾಪಸ್ ಬರುತ್ತವೆ.

ಒಬ್ಬ ರಿಪೇರಿಯವನನ್ನು ಕರೆಸಿದೆ. ಕೆಳಗೇ ನಿಂತು ಮೇಲೆ ನೋಡಿ "ಸಿಗ್ನಲ್ ಕಡಿಮೆ ಬೀಳುತ್ತದೆ, ದೊಡ್ಡ ಡಿಶ್ ಹಾಕಬೇಕು, ಬೂಸ್ಟರ್ ಹಾಕಬೇಕು" ಅಂದ. ಮಾಳಿಗೆ ಹತ್ತಲೂ ಇಲ್ಲ. ಅವನ ಮಾತು ನಂಬಬೇಕೋ ಬಿಡಬೇಕೋ ತಿಳಿಯುತ್ತಿಲ್ಲ.

ಗೋಕಾಕ ಕರದಂಟು (ಶನಿವಾರ, ರಾತ್ರಿ 9:52)

ಆಸ್ತಿ ಪಾಲಾಗುವ ಮೊದಲೇ ಸಿಗ್ನಲ್ ಪಾಲಿಗೆ ಜಗಳ ಶುರುವಾಯಿತು ಅನ್ನಿ.

ಇಂಡಿ ನಿಂಬೆ (ಶನಿವಾರ, ರಾತ್ರಿ 10:05)

ರಿಪೇರಿಯವನು ಹೇಳಿದ್ದರಲ್ಲಿ ಅರ್ಥ ಇದೆ ಅಣ್ಣಾ. ಸ್ಪ್ಲಿಟರ್ ಅಂದರೆ ಹಂಚುವುದು. ಒಂದು ರೊಟ್ಟಿಯನ್ನು ನಾಲ್ಕು ಜನ ಹಂಚಿಕೊಂಡಂತೆ. ಎರಡು ದಾರಿಯದ್ದಕ್ಕೆ ಸುಮಾರು 4 ಡಿಬಿ (ಸಿಗ್ನಲ್ ಏರಿಳಿತ ಅಳೆಯುವ ಲೆಕ್ಕ) ಹೋಗುತ್ತದೆ, ನಾಲ್ಕು ದಾರಿಯದ್ದಕ್ಕೆ 7-8 ಡಿಬಿ. ನಮ್ಮ ತೋಟದ ಮನೆಯಲ್ಲಿ ಬೂಸ್ಟರ್ ಹಾಕಿದ ಮೇಲೆಯೇ ಸರಿಯಾಗಿದ್ದು. ನೀವೂ ಒಂದು ಹಾಕಿ ನೋಡಿ.

ಹಳೇ ರೇಡಿಯೋ (ಶನಿವಾರ, ರಾತ್ರಿ 10:31)

ಬೂಸ್ಟರ್ ತರಬೇಡಿ. ದುಡ್ಡು ಜೇಬಿನಲ್ಲಿರಲಿ.

ಜಮಖಂಡಿಯವರು ಒಂದು ಸೂಕ್ಷ್ಮ ಮಾತು ಬರೆದಿದ್ದಾರೆ, ಯಾರೂ ಗಮನಿಸಲಿಲ್ಲ. ತಮ್ಮನ ಪ್ಲಗ್ ಕಿತ್ತರೆ ಅವ್ವನ ಟಿವಿ ವಾಪಸ್ ಬರುತ್ತದೆ. ಡಿಶ್ ಕೇಬಲ್ ಕಿತ್ತಿಲ್ಲ, ಕರೆಂಟಿನ ಪ್ಲಗ್ ಮಾತ್ರ ಕಿತ್ತಿದ್ದು. ಸ್ಪ್ಲಿಟರ್ ಹಂಚುವುದರಿಂದ ಸಿಗ್ನಲ್ ಕಡಿಮೆಯಾಗಿದ್ದರೆ ಪ್ಲಗ್ ಇದ್ದರೂ ಇಲ್ಲದಿದ್ದರೂ ಅಷ್ಟೇ ಕಡಿಮೆ ಇರಬೇಕಿತ್ತು. ಕೇಬಲ್ ಅಲ್ಲೇ ಇದೆ, ಸ್ಪ್ಲಿಟರ್ ಅಲ್ಲೇ ಇದೆ. ಮೊದಲ 15 ದಿನವೂ ಅದೇ ನಾಲ್ಕು ದಾರಿಯ ಸ್ಪ್ಲಿಟರ್ ಇತ್ತು, ಅವ್ವನ ಟಿವಿ ನಡೆಯುತ್ತಿತ್ತು. ಅಂದರೆ ತಮ್ಮನ ಬಾಕ್ಸ್ ಸಿಗ್ನಲ್ ತಿನ್ನುತ್ತಿಲ್ಲ. ಅದು ಮೇಲಿರುವ ಎಲ್‌ಎನ್‌ಬಿಗೆ, ಅಂದರೆ ಡಿಶ್ ಮುಂದಿರುವ ಮೂತಿಗೆ, ಏನೋ ಆಜ್ಞೆ ಕೊಡುತ್ತಿದೆ.

ಮೂರು ಪ್ರಶ್ನೆ. ಒಂದು, ತಮ್ಮನ ಬಾಕ್ಸ್ ಫ್ರೀ ಡಿಶ್‌ನದ್ದೋ, ರೀಚಾರ್ಜ್ ಮಾಡುವ ಕಂಪನಿಯದ್ದೋ? ಎರಡು, ಹುಬ್ಬಳ್ಳಿಯಲ್ಲಿ ಅದು ಎಷ್ಟು ಡಿಶ್‌ಗೆ ಸೇರಿತ್ತು? ಮೂರು, ಮೆನುವಿನಲ್ಲಿ ಎಲ್‌ಎನ್‌ಬಿ ಸೆಟ್ಟಿಂಗ್ ಅಂತ ಇರುತ್ತದೆ. ಅಲ್ಲಿ ಏನೇನು ಬರೆದಿದೆ?

ಬನಹಟ್ಟಿ ಮಗ್ಗ (ಭಾನುವಾರ, ಬೆಳಿಗ್ಗೆ 7:15)

ನಮ್ಮ ಮನೆಯಲ್ಲೂ ಎರಡು ಟಿವಿ ರೀ. ಒಂದು ಮನೆಯೊಳಗೆ, ಒಂದು ಮಗ್ಗದ ಶೆಡ್ಡಿನಲ್ಲಿ. ಶೆಡ್ಡಿನಲ್ಲಿ ಮಗ್ಗ ಓಡುವಾಗ ಟಿವಿಯ ದನಿ ಯಾರಿಗೂ ಕೇಳುವುದಿಲ್ಲ, ಆದರೂ ಬೇಕಂತೆ. ನಮ್ಮವರು ಡೈಸೆಕ್ ಸ್ವಿಚ್ ಅಂತ ಒಂದು ತಂದಿದ್ದಾರೆ. ಅದಕ್ಕೂ ನಾಲ್ಕು ತೂತು ಒಂದು ಕಡೆ, ಒಂದು ತೂತು ಇನ್ನೊಂದು ಕಡೆ. ನೋಡಲು ಸ್ಪ್ಲಿಟರ್ ಹಾಗೇ ಇದೆ. ಅದನ್ನು ತಿರುಗಿಸಿ ಹಾಕಬಹುದಾ? ಹಾಕಿದರೆ ನಡೆಯುತ್ತಿಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ಹಳೇ ರೇಡಿಯೋ (ಭಾನುವಾರ, ಬೆಳಿಗ್ಗೆ 8:02)

ಇಲ್ಲ ತಂಗಿ, ಅದು ತದ್ವಿರುದ್ಧ ಕೆಲಸದ್ದು. ಡೈಸೆಕ್ ಸ್ವಿಚ್ ನಾಲ್ಕು ಡಿಶ್‌ಗಳನ್ನು ಒಂದು ಬಾಕ್ಸಿಗೆ ತರುತ್ತದೆ. ಬಾಕ್ಸ್ ಕೇಳಿದಾಗ ನಾಲ್ಕರಲ್ಲಿ ಒಂದನ್ನು ಮಾತ್ರ ಸೇರಿಸುತ್ತದೆ, ಉಳಿದ ಮೂರನ್ನು ಕಳಚಿಡುತ್ತದೆ. ಒಂದು ಡಿಶ್‌ನಿಂದ ನಾಲ್ಕು ಬಾಕ್ಸಿಗೆ ಕೊಡಲು ಅದು ಬರುವುದಿಲ್ಲ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಅಂಗಡಿಯವರೇ ಎಷ್ಟೋ ಸಲ ಅದಲುಬದಲು ಕೊಡುತ್ತಾರೆ. ಮೇಲಿನ ಬರಹ ಓದಿ ತಗೊಳ್ಳಿ.

ನಿಮಗೆ ಶೆಡ್ಡಿನಲ್ಲೂ ಮನೆಯಲ್ಲೂ ಒಂದೇ ಚಾನಲ್ ನಡೆದರೆ ಸಾಕಾ? ಹಾಗಿದ್ದರೆ ಎರಡನೇ ಬಾಕ್ಸೇ ಬೇಡ. ಒಂದು ಎಚ್‌ಡಿಎಂಐ ಸ್ಪ್ಲಿಟರ್ ಹಾಕಿ, ಒಂದು ಬಾಕ್ಸಿನಿಂದ ಎರಡು ಟಿವಿ. ಶೆಡ್ಡು ತುಂಬಾ ದೂರ ಇರಬಾರದು ಅಷ್ಟೇ.

ಬನಹಟ್ಟಿ ಮಗ್ಗ (ಭಾನುವಾರ, ಬೆಳಿಗ್ಗೆ 8:10)

ಒಂದೇ ಚಾನಲ್ ಆದರೆ ರಿಮೋಟ್ ಯಾರ ಕೈಯಲ್ಲಿರಬೇಕು ಕಾಕಾ? ಅದು ಬೇಡ.

ಜಮಖಂಡಿ ಮಾಳಿಗೆ (ಭಾನುವಾರ, ಬೆಳಿಗ್ಗೆ 11:20)

ಕಾಕಾ, ತಮ್ಮ ಈಗ ಎದ್ದ. ಕೇಳಿದೆ.

ಬಾಕ್ಸ್ ಫ್ರೀ ಡಿಶ್‌ನದ್ದೇ, ರೀಚಾರ್ಜ್ ಇಲ್ಲದ್ದು. ಹುಬ್ಬಳ್ಳಿಯ ಮನೆ ಮಾಲೀಕರ ಮಾಳಿಗೆಯಲ್ಲಿ ಎರಡು ಡಿಶ್ ಇದ್ದವಂತೆ. ನಡುವೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ, ಅಲ್ಲಿಂದ ಒಂದೇ ಕೇಬಲ್ ಕೋಣೆಗೆ ಬರುತ್ತಿತ್ತು. ಡಬ್ಬಿಯ ಮೇಲೆ 22ಕೆ ಅಂತ ಬರೆದಿತ್ತು ಅನ್ನುತ್ತಾನೆ. ಮೆನುವಿನ ವಿಷಯ ಮಾತ್ರ ನೋಡಿಲ್ಲ. ಅವನ ಬಾಕ್ಸ್ ಹಚ್ಚಿದರೆ ಅವ್ವನ ಟಿವಿ ಹೋಗುತ್ತದೆ, ಅವಳು ಈಗ ಚಂದನ ನೋಡುತ್ತಾ ಕೂತಿದ್ದಾಳೆ. ಮಧ್ಯಾಹ್ನ ಅವಳು ಅಡ್ಡಾದಾಗ ನೋಡುತ್ತೇನೆ.

ಹಳೇ ರೇಡಿಯೋ (ಭಾನುವಾರ, ಮಧ್ಯಾಹ್ನ 12:05)

ಕಳ್ಳ ಸಿಕ್ಕ ಅನ್ನಿಸುತ್ತದೆ. ಅವ್ವ ಏಳುವವರೆಗೆ ಸುಮ್ನೆ ಕೂರುವ ಬದಲು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ವಿಜಯಪುರದಲ್ಲಿ 30 ವರ್ಷ ರೇಡಿಯೋ, ಟಿವಿ ಬಿಚ್ಚಿದವನು ನಾನು. ಜನರಿಗೆ ಎಲ್ಲಿ ಎಡವಟ್ಟಾಗುತ್ತದೆ ಅಂತ ಗೊತ್ತು. ಎಲ್ಲರೂ ಡಿಶ್ ನೋಡುತ್ತಾರೆ. ಡಿಶ್ ಬರೀ ತಗಡು. ಅದರ ಮುಂದಿರುವ ಮೂತಿ ಇದೆಯಲ್ಲ, ಎಲ್‌ಎನ್‌ಬಿ, ಎಲ್ಲಾ ಲೆಕ್ಕ ಅಲ್ಲಿದೆ.

ಎಲ್‌ಎನ್‌ಬಿಯಲ್ಲಿ ನಾಲ್ಕು ಬಾವಿ ಇವೆ ಅಂದುಕೊಳ್ಳಿ. ಉಪಗ್ರಹದ ಅಲೆ ಎರಡು ಥರ ಬರುತ್ತದೆ, ಲಂಬ ಮತ್ತು ಅಡ್ಡ. ಒಂದೊಂದರಲ್ಲೂ ಕೆಳಗಿನ ಪಟ್ಟಿ, ಮೇಲಿನ ಪಟ್ಟಿ ಅಂತ ಎರಡು. ಒಟ್ಟು ನಾಲ್ಕು. ಆದರೆ ಸಾದಾ ಎಲ್‌ಎನ್‌ಬಿಯಿಂದ ಕೆಳಗೆ ಬರುವ ಪೈಪು ಒಂದೇ. ಒಂದು ಹೊತ್ತಿಗೆ ಒಂದೇ ಬಾವಿಯ ನೀರು ಬರುತ್ತದೆ. ಯಾವ ಬಾವಿ ಅಂತ ಬಾಕ್ಸ್ ಹೇಳಬೇಕು. ಅದಕ್ಕೆ ಬೇರೆ ತಂತಿ ಇಲ್ಲ, ಅದೇ ಕೇಬಲಿನಲ್ಲಿ ಹೇಳುತ್ತದೆ. 13 ವೋಲ್ಟ್ ಕಳಿಸಿದರೆ ಲಂಬ, 18 ವೋಲ್ಟ್ ಕಳಿಸಿದರೆ ಅಡ್ಡ. ಆ ವೋಲ್ಟಿನ ಜೊತೆ 22 ಕಿಲೋಹರ್ಟ್ಸ್‌ನ ಒಂದು ಸಣ್ಣ ಟೋನ್ ಸೇರಿಸಿದರೆ ಮೇಲಿನ ಪಟ್ಟಿ, ಸೇರಿಸದಿದ್ದರೆ ಕೆಳಗಿನ ಪಟ್ಟಿ. ಎಲ್‌ಎನ್‌ಬಿ ಬದುಕುವುದೂ ಅದೇ ವೋಲ್ಟಿನಿಂದಲೇ. ಎರಡು ದಾರಿಯ ಸ್ಪ್ಲಿಟರ್‌ನಲ್ಲಿ ಅವ್ವ ಪ್ಲಗ್ ಕಿತ್ತರೆ ನಿಮ್ಮದೂ ಹೋಗುತ್ತಿತ್ತಲ್ಲ, ಕಾರಣ ಇದೇ. ಅದರಲ್ಲಿ ಒಂದೇ ದಾರಿಯಿಂದ ವೋಲ್ಟ್ ಮೇಲೆ ಹೋಗುತ್ತಿತ್ತು. ಆ ದಾರಿ ಅವ್ವನ ಪಾಲಿಗೆ ಬಂದಿತ್ತು.

ಈಗ ಒಂದೇ ಪೈಪಿಗೆ ಮೂರು ಬಾಕ್ಸ್ ಸೇರಿದರೆ ಮೂವರೂ ಒಂದೇ ಬಾವಿಯ ನೀರು ಕುಡಿಯಬೇಕು. ಒಬ್ಬ 18 ವೋಲ್ಟ್ ಕಳಿಸಿದರೆ 13ರವನ ಮಾತು ನಡೆಯುವುದಿಲ್ಲ, ಜಾಸ್ತಿ ವೋಲ್ಟಿನವನೇ ಗೆಲ್ಲುತ್ತಾನೆ. ಒಬ್ಬ ಟೋನ್ ಕಳಿಸಿದರೆ ಎಲ್ಲರಿಗೂ ಮೇಲಿನ ಪಟ್ಟಿಯೇ ಬರುತ್ತದೆ.

ಡಿಡಿ ಫ್ರೀ ಡಿಶ್‌ನವರಿಗೆ ಇಲ್ಲೊಂದು ಅನುಕೂಲ ಇದೆ. ಅದರ ಎಲ್ಲಾ ಚಾನಲ್‌ಗಳೂ 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ, ಎಲ್ಲಾ ಲಂಬ, ಎಲ್ಲಾ ಕೆಳಗಿನ ಪಟ್ಟಿಯಲ್ಲಿ. 11090, 11170, 11470 ಮೆಗಾಹರ್ಟ್ಸ್ ಹೀಗೆ. ಅಂದರೆ ಇಡೀ ಸೇವೆ ಒಂದೇ ಬಾವಿಯಲ್ಲಿದೆ. ಅದಕ್ಕೇ ಫ್ರೀ ಡಿಶ್‌ಗೆ ಸಾದಾ ಎಲ್‌ಎನ್‌ಬಿ, ಸಾದಾ ಸ್ಪ್ಲಿಟರ್ ಸಾಕು. ಮೂವರು ಮೂರು ಬೇರೆ ಚಾನಲ್ ನೋಡಬಹುದು. ರೀಚಾರ್ಜ್ ಕಂಪನಿಗಳ ಡಿಶ್‌ನಲ್ಲಿ ಸಾಮಾನ್ಯವಾಗಿ ಈ ಅನುಕೂಲ ಇಲ್ಲ.

ಇನ್ನು ಹುಬ್ಬಳ್ಳಿಯ ಡಬ್ಬಿ. ಅದು 22ಕೆ ಸ್ವಿಚ್. ಟೋನ್ ಇದ್ದರೆ ಒಂದು ಡಿಶ್, ಇಲ್ಲದಿದ್ದರೆ ಇನ್ನೊಂದು ಡಿಶ್. ಅಲ್ಲಿ ಫ್ರೀ ಡಿಶ್ ಟೋನ್ ಇರುವ ಕಡೆ ಸೇರಿದ್ದರೆ ತಮ್ಮನ ಬಾಕ್ಸಿನಲ್ಲಿ 22ಕೆ ಆನ್ ಅಂತ ಇಟ್ಟಿರುತ್ತಾರೆ. ಅಲ್ಲಿ ಆ ಟೋನನ್ನು ಸ್ವಿಚ್ಚೇ ನುಂಗಿಕೊಳ್ಳುತ್ತಿತ್ತು. ನಿಮ್ಮ ಮಾಳಿಗೆಯಲ್ಲಿ ಸ್ವಿಚ್ ಇಲ್ಲ. ಟೋನ್ ನೇರ ಎಲ್‌ಎನ್‌ಬಿಗೆ ಹೋಗಿ ಅದನ್ನು ಮೇಲಿನ ಪಟ್ಟಿಗೆ ತಿರುಗಿಸುತ್ತದೆ. ಫ್ರೀ ಡಿಶ್ ಅಲ್ಲಿಲ್ಲ. ತಮ್ಮನಿಗೂ ಇಲ್ಲ, ಅವ್ವನಿಗೂ ಇಲ್ಲ.

ಲೆಕ್ಕ ಬೇಕಾದವರಿಗೆ: ಎಲ್‌ಎನ್‌ಬಿ ಕೆಳಗಿನ ಪಟ್ಟಿಯಲ್ಲಿ 9750 ಕಳೆಯುತ್ತದೆ, ಮೇಲಿನದರಲ್ಲಿ 10600. 11090ರಿಂದ 9750 ಕಳೆದರೆ 1340 ಮೆಗಾಹರ್ಟ್ಸ್, ಬಾಕ್ಸಿಗೆ ಬೇಕಾದ್ದು ಅದೇ. 10600 ಕಳೆದರೆ 490 ಉಳಿಯುತ್ತದೆ. ಬಾಕ್ಸ್ ಕೇಳಿಸಿಕೊಳ್ಳುವುದೇ 950ರಿಂದ 2150ರವರೆಗೆ. 490 ಅದರ ಕಿವಿಗೆ ಬೀಳುವುದೇ ಇಲ್ಲ.

ನಿಮ್ಮ ಹಳೇ ಕೇಬಲ್ ಟಿವಿ ಸ್ಪ್ಲಿಟರ್ ಯಾಕೆ ನಡೆಯಲಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಅದರ ಮೇಲೆ 5-1000 ಮೆಗಾಹರ್ಟ್ಸ್ ಅಂತ ಬರೆದಿರುತ್ತದೆ. ನಮಗೆ ಬೇಕಾದ್ದು 1340ರಿಂದ ಮೇಲೆ. ಜೊತೆಗೆ ಅಂಥವು ವೋಲ್ಟನ್ನು ಮೇಲೆ ಬಿಡುವುದಿಲ್ಲ. ಕೊಳ್ಳುವಾಗ 2150 ಅಥವಾ 2400 ಅಂತ ಬರೆದದ್ದು ನೋಡಿ ತಗೊಳ್ಳಬೇಕು.

ಗೋಕಾಕ ಕರದಂಟು (ಭಾನುವಾರ, ಮಧ್ಯಾಹ್ನ 12:20)

ಕಾಕಾ, ನನಗೆ ಶಾಲೆಯಲ್ಲಿ ಭೌತಶಾಸ್ತ್ರ ಹೀಗೆ ಬಾವಿ ಲೆಕ್ಕದಲ್ಲಿ ಹೇಳಿದ್ದರೆ ಪಾಸಾಗುತ್ತಿದ್ದೆ.

ಟಿಳಕವಾಡಿ ಎರಡನೇ ಮಹಡಿ (ಭಾನುವಾರ, ಮಧ್ಯಾಹ್ನ 1:40)

ಬೆಳಗಾವಿಯಿಂದ. ಹಳೇ ರೇಡಿಯೋ ಅವರು ಹೇಳಿದ್ದು ಸರಿ, ಆದರೆ ಸ್ಪ್ಲಿಟರ್ ಸಾಕು ಅಂದದ್ದಕ್ಕೆ ನನ್ನ ತಕರಾರಿದೆ. ಸ್ಪ್ಲಿಟರ್ ತಾತ್ಕಾಲಿಕ ಕೆಲಸ. ಒಂದು ಸಲ ಯಾರಾದರೂ ಬ್ಲೈಂಡ್ ಸ್ಕ್ಯಾನ್ ಒತ್ತಿದರೆ ಬಾಕ್ಸ್ 18 ವೋಲ್ಟ್, ಟೋನ್ ಎಲ್ಲವನ್ನೂ ಒಂದೊಂದಾಗಿ ಹಾಕಿ ಹುಡುಕುತ್ತದೆ. ಅಷ್ಟು ಹೊತ್ತು ಮನೆಯವರೆಲ್ಲರ ಟಿವಿ ಹೋಗುತ್ತದೆ. ಅದರ ಬದಲು ನಾಲ್ಕು ಔಟ್‌ಪುಟ್ ಇರುವ ಕ್ವಾಡ್ ಎಲ್‌ಎನ್‌ಬಿ ಹಾಕಿಬಿಡಿ. ಎರಡು ಟಿವಿ ಇದ್ದರೆ ಟ್ವಿನ್ ಸಾಕು. ಒಂದೊಂದು ಔಟ್‌ಪುಟ್ ಒಂದೊಂದು ಸ್ವತಂತ್ರ ಪೈಪು. ಯಾರು ಏನು ಕೇಳಿದರೂ ಇನ್ನೊಬ್ಬರಿಗೆ ಗೊತ್ತೇ ಆಗುವುದಿಲ್ಲ.

ನಾನು ಇದನ್ನು ದುಡ್ಡು ಕಳೆದುಕೊಂಡು ಕಲಿತದ್ದು. ನಮ್ಮ ಕಟ್ಟಡದಲ್ಲಿ ನಾವು ನಾಲ್ಕು ಮನೆಯವರು ಸೇರಿ ಕ್ವಾಡ್ ಬದಲು ಕ್ವಾಟ್ರೋ ತರಿಸಿದೆವು. ಹೆಸರು ಒಂದೇ ಥರ, ಎರಡಕ್ಕೂ ನಾಲ್ಕು ತೂತು. ಮನೆಗೊಂದು ಕೇಬಲ್ ಎಳೆದೆವು. ಒಂದು ಮನೆಯಲ್ಲಿ ಅರ್ಧ ಚಾನಲ್, ಇನ್ನೊಂದು ಮನೆಯಲ್ಲಿ ಉಳಿದರ್ಧ, ಮಿಕ್ಕ ಎರಡು ಮನೆಯಲ್ಲಿ ಏನೂ ಇಲ್ಲ. ಕ್ವಾಟ್ರೋದಲ್ಲಿ ನಾಲ್ಕು ತೂತಿಗೆ ನಾಲ್ಕು ಬಾವಿ ಖಾಯಂ ಕಟ್ಟಿಟ್ಟಿರುತ್ತಾರೆ. ಬಾಕ್ಸ್ ಎಷ್ಟು ಕೇಳಿದರೂ ಬದಲಾಗುವುದಿಲ್ಲ. ಅದು ಇರುವುದೇ ಮಲ್ಟಿಸ್ವಿಚ್‌ಗೆ. ನಾಲ್ಕೂ ಕೇಬಲ್ ಮಲ್ಟಿಸ್ವಿಚ್‌ಗೆ ಹೋಗಬೇಕು, ಅಲ್ಲಿಂದ ಮನೆಮನೆಗೆ. ಕೊನೆಗೆ ಅದನ್ನೂ ತಂದೆವು. ಎಂಟು ಮನೆಗೆ ಆಗುವಂಥದ್ದು. ಈಗ ಆರು ಮನೆ ಸೇರಿದ್ದಾರೆ, ಗಾರೆ ಕೆಲಸದವರು ಕೇಬಲ್ ತುಂಡು ಮಾಡಿದ್ದು ಬಿಟ್ಟರೆ ಇವತ್ತಿನವರೆಗೆ ದೂರು ಬಂದಿಲ್ಲ.

ನಮ್ಮದು ರೀಚಾರ್ಜ್ ಕಂಪನಿಯ ಸೇವೆ. ಡಿಶ್ ಹಂಚಿಕೊಂಡರೂ ಪ್ರತಿ ಬಾಕ್ಸಿಗೂ ಅದರದ್ದೇ ಕನೆಕ್ಷನ್, ಅದರದ್ದೇ ರೀಚಾರ್ಜ್. ಇದನ್ನೂ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾಳೆ ಯಾರಾದರೂ "ಒಂದೇ ರೀಚಾರ್ಜ್‌ನಲ್ಲಿ ಎಂಟು ಮನೆ" ಅಂತ ಶುರು ಮಾಡುತ್ತಾರೆ.

ಹಳೇ ರೇಡಿಯೋ (ಭಾನುವಾರ, ಮಧ್ಯಾಹ್ನ 2:15)

ಟಿಳಕವಾಡಿ ಸರ್, ಕ್ವಾಡ್ ಒಳ್ಳೆಯದು, ನಾನು ಬೇಡ ಅನ್ನುವುದಿಲ್ಲ. ಆದರೆ ಕ್ವಾಡ್ ಹಾಕಿದರೆ ಮಾಳಿಗೆಯಿಂದ ಕೆಳಗೆ ಮೂರು ಕೇಬಲ್ ಎಳೆಯಬೇಕು. ಅವರದ್ದು ಹಳೇ ಮನೆ, ಗೋಡೆ ಎರಡಡಿ ದಪ್ಪ ಇರುತ್ತದೆ. ತೂತು ಕೊರೆಯುವವನು ಡ್ರಿಲ್ ಬಿಟ್ ಮುರಿದುಕೊಂಡು ಹೋಗುತ್ತಾನೆ. ಮೂರೂ ಬಾಕ್ಸ್ ಫ್ರೀ ಡಿಶ್‌ನವೇ ಆದಾಗ ಇರುವ ಒಂದು ಕೇಬಲಿಗೆ ಸ್ಪ್ಲಿಟರ್ ಹಾಕುವುದರಲ್ಲಿ ತಪ್ಪೇನಿಲ್ಲ. ಬ್ಲೈಂಡ್ ಸ್ಕ್ಯಾನ್ ಯಾರು ದಿನಾ ಮಾಡುತ್ತಾರೆ?

ಟಿಳಕವಾಡಿ ಎರಡನೇ ಮಹಡಿ (ಭಾನುವಾರ, ಮಧ್ಯಾಹ್ನ 2:21)

ಮಕ್ಕಳಿರುವ ಮನೆಯಲ್ಲಿ ದಿನಾ ಮಾಡುತ್ತಾರೆ ಸರ್. ನಮ್ಮ ಮನೆಯಲ್ಲಿ ಇಬ್ಬರಿದ್ದಾರೆ.

ಇಂಡಿ ನಿಂಬೆ (ಭಾನುವಾರ, ಮಧ್ಯಾಹ್ನ 3:05)

ಹಾಗಾದರೆ ನನ್ನ ಬೂಸ್ಟರ್ ಯಾಕೆ ಕೆಲಸ ಮಾಡಿತು? ಅದನ್ನೂ ಹೇಳಿ.

ಹಳೇ ರೇಡಿಯೋ (ಭಾನುವಾರ, ಮಧ್ಯಾಹ್ನ 3:30)

ತೋಟದ ಮನೆ ಅಂದಿರಲ್ಲ, ಡಿಶ್‌ನಿಂದ ಟಿವಿಗೆ ಕೇಬಲ್ ಎಷ್ಟು ಉದ್ದ?

ಇಂಡಿ ನಿಂಬೆ (ಭಾನುವಾರ, ಮಧ್ಯಾಹ್ನ 3:34)

ಪಂಪ್‌ಸೆಟ್ ಕೋಣೆಯ ಮೇಲೆ ಡಿಶ್ ಇದೆ. ಮನೆಗೆ 60 ಮೀಟರ್ ಆದೀತು.

ಹಳೇ ರೇಡಿಯೋ (ಭಾನುವಾರ, ಮಧ್ಯಾಹ್ನ 3:50)

ಅದೇ ನೋಡಿ. ಆರ್‌ಜಿ-6, ಅಂದರೆ ಡಿಶ್‌ಗೆ ಹಾಕುವ ಸಾದಾ ಕೇಬಲಿನಲ್ಲಿ ಈ ಪಟ್ಟಿಯಲ್ಲಿ 100 ಮೀಟರಿಗೆ 25 ಡಿಬಿ ಆಸುಪಾಸು ಹೋಗುತ್ತದೆ. ನಿಮ್ಮ 60 ಮೀಟರಿಗೆ 15 ಡಿಬಿ. ಅಲ್ಲಿ ಬೂಸ್ಟರಿಗೆ ಅರ್ಥ ಇದೆ, ಅದೂ ಡಿಶ್ ಹತ್ತಿರ ಹಾಕಿದರೆ. ಟಿವಿ ಹತ್ತಿರ ಹಾಕಿದರೆ ಹಾಳಾದ ಸಿಗ್ನಲ್ಲನ್ನೇ ಜೋರು ಮಾಡಿದಂತೆ. ಜಮಖಂಡಿಯವರದ್ದು 15 ಮೀಟರ್ ದಾಟುವುದಿಲ್ಲ. ಎಲ್‌ಎನ್‌ಬಿಯೇ ಒಳಗೆ 50-60 ಡಿಬಿ ಏರಿಸಿ ಕಳಿಸುತ್ತದೆ. ಅದರಲ್ಲಿ ಸ್ಪ್ಲಿಟರ್‌ನ 7-8 ಹೋದರೆ ಬಾಕ್ಸಿಗೆ ಏನೂ ಅನ್ನಿಸುವುದಿಲ್ಲ. ಮೆನುವಿನಲ್ಲಿ ಸ್ಟ್ರೆಂತ್ ಇಳಿದದ್ದು ಕಾಣುತ್ತದೆ, ಕ್ವಾಲಿಟಿ ಹೆಚ್ಚೂಕಡಿಮೆ ಅಷ್ಟೇ ಇರುತ್ತದೆ. ನೋಡಬೇಕಾದ್ದು ಕ್ವಾಲಿಟಿ.

ಕೇಬಲ್ ತಗೊಳ್ಳುವಾಗ ನಡುವಿನ ತಂತಿ ಪೂರ್ತಿ ತಾಮ್ರವೋ, ಕಬ್ಬಿಣಕ್ಕೆ ತಾಮ್ರ ಬಳಿದದ್ದೋ ನೋಡಿ. ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ. ಉದ್ದ ಕೇಬಲಿನಲ್ಲಿ ಬಳಿದ ತಂತಿ ವೋಲ್ಟನ್ನು ತಿನ್ನುತ್ತದೆ. ಸಿಗ್ನಲ್ ಸರಿ ಇದ್ದರೂ ಎಲ್‌ಎನ್‌ಬಿ ಉಪವಾಸ ಬೀಳುತ್ತದೆ.

ಜಮಖಂಡಿ ಮಾಳಿಗೆ (ಭಾನುವಾರ, ಸಂಜೆ 4:45)

ಆಯಿತು!!

ಕಾಕಾ, ನೀವು ಹೇಳಿದ್ದೇ. ತಮ್ಮನ ಬಾಕ್ಸಿನ ಮೆನುವಿನಲ್ಲಿ ಎಲ್‌ಎನ್‌ಬಿ 9750, ಪವರ್ ಆನ್, 22ಕೆ ಆನ್ ಅಂತ ಇತ್ತು. ಅವ್ವನ ಬಾಕ್ಸಿನಲ್ಲಿ ಅದೇ ಜಾಗದಲ್ಲಿ 22ಕೆ ಆಫ್. ಆಫ್ ಮಾಡಿ ಸೇವ್ ಒತ್ತಿದೆ. ಒತ್ತಿದ ಕೂಡಲೇ ಪಡಸಾಲೆಯಿಂದ ಅವ್ವನ ಟಿವಿಯ ದನಿ ಬಂತು, ಆಮೇಲೆ ತಮ್ಮನದರಲ್ಲೂ ಚಿತ್ರ ಬಂತು. ಚಾನಲ್ ಮತ್ತೆ ಹುಡುಕುವ ಕೆಲಸವೂ ಬೀಳಲಿಲ್ಲ.

ಮೂರೂ ಕಡೆ ಅಳೆದೆ. ಸ್ಪ್ಲಿಟರ್ ಇಲ್ಲದೆ ನೇರ ಹಾಕಿದರೆ ಸ್ಟ್ರೆಂತ್ 84, ಕ್ವಾಲಿಟಿ 73. ಸ್ಪ್ಲಿಟರ್ ಹಾಕಿದರೆ ಸ್ಟ್ರೆಂತ್ 70, ಕ್ವಾಲಿಟಿ 72. ನೀವು ಹೇಳಿದ ಹಾಗೇ ಇದೆ. ದೊಡ್ಡ ಡಿಶ್ ಹಾಕಿಸಿ ಅಂದವನಿಗೆ ಫೋನ್ ಮಾಡಬೇಕು ಅನ್ನಿಸಿತು. ಅವ್ವ ಬೇಡ ಅಂದಳು.

ಒಂದು ಸಣ್ಣ ಅನುಮಾನ. ರಿಮೋಟಿನಿಂದ ಬಂದ್ ಮಾಡಿದರೂ ನಮ್ಮದು ಬರುತ್ತಿರಲಿಲ್ಲ ಅಲ್ವಾ, ಅದ್ಯಾಕೆ?

ಹಳೇ ರೇಡಿಯೋ (ಭಾನುವಾರ, ಸಂಜೆ 5:10)

ಸಂತೋಷ. ರಿಮೋಟಿನಿಂದ ಬಂದ್ ಮಾಡಿದರೆ ಬಾಕ್ಸ್ ಮಲಗುತ್ತದೆ, ಸಾಯುವುದಿಲ್ಲ. ಕೆಲವು ಬಾಕ್ಸ್ ಮಲಗಿದಾಗ ಎಲ್‌ಎನ್‌ಬಿಗೆ ಕೊಡುವ ವೋಲ್ಟ್ ನಿಲ್ಲಿಸುತ್ತವೆ, ಕೆಲವು ನಿಲ್ಲಿಸುವುದಿಲ್ಲ. ತಮ್ಮನದು ಎರಡನೇ ಜಾತಿ. ಟೋನನ್ನೂ ಕಳಿಸುತ್ತಲೇ ಇತ್ತು.

ಖಾನಾಪುರ ಮಳೆ (ಭಾನುವಾರ, ರಾತ್ರಿ 8:25)

ತಡವಾಗಿ ಬಂದೆ. ನಿಮ್ಮ ಜಮಖಂಡಿಯಲ್ಲಿ ಮಳೆ ಕಡಿಮೆ, ಆದರೂ ಒಂದು ಮಾತು. ಸ್ಪ್ಲಿಟರ್ ಎಲ್ಲಿ ಹಾಕಿದ್ದೀರಿ? ಮಾಳಿಗೆಯ ಮೇಲೆ ಬಯಲಿನಲ್ಲಿ ಹಾಕಿದ್ದರೆ ಈಗಲೇ ಒಳಗೆ ತನ್ನಿ. ಸ್ಪ್ಲಿಟರ್ ಒಂದು ಬಂದರೆ ಜೋಡಣೆ ನಾಲ್ಕೈದು ಜಾಸ್ತಿಯಾಗುತ್ತವೆ. ಒಂದೊಂದೂ ನೀರು ಹೊಗುವ ಬಾಗಿಲು.

ನಮ್ಮಲ್ಲಿ ಆಷಾಢದಲ್ಲಿ ದಿನಗಟ್ಟಲೆ ಬಿಡುವುದಿಲ್ಲ. ಎರಡು ವರ್ಷದ ಹಿಂದೆ ಮಳೆ ನಿಂತ ಮೇಲೂ ಸಿಗ್ನಲ್ ಬರಲಿಲ್ಲ. ಮೋಡ ಇರಬೇಕು ಅಂತ ಒಂದು ವಾರ ಸುಮ್ನೆ ಕೂತೆವು. ಆಮೇಲೆ ಕನೆಕ್ಟರ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು, ಕೇಬಲಿನ ಜಾಲರಿಯೊಳಗೆ ಒಂದು ಮೊಳ ನೀರು ಹೋಗಿತ್ತು. ಅಷ್ಟನ್ನೂ ಕತ್ತರಿಸಿ ಹೊಸದು ಹಾಕಿದ ಮೇಲೆ ಸರಿಹೋಯಿತು. ಭಾರೀ ಮಳೆ ಬೀಳುವಾಗ ಹೋಗಿ ನಿಂತ ಮೇಲೆ ಬಂದರೆ ಅದು ಮಳೆಯದ್ದು, ಈ ಡಿಶ್‌ಗಳಿಗೆ ಬರುವ ಕೆಯು ಬ್ಯಾಂಡ್ ಅಲೆಗಳಲ್ಲಿ ಅದು ಇದ್ದದ್ದೇ. ನಿಂತ ಮೇಲೂ ಬರದಿದ್ದರೆ ಕನೆಕ್ಟರ್ ನೋಡಬೇಕು.

ಈಗ ನಾನು ಮಾಡುವುದು: ಕೇಬಲ್ ಕನೆಕ್ಟರಿಗೆ ಬರುವ ಮೊದಲು ಕೆಳಗೆ ಒಂದು ಜೋಲು ಬಿಡುತ್ತೇನೆ, ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಮೇಲೆ ತನ್ನಷ್ಟಕ್ಕೆ ಅಂಟುವ ರಬ್ಬರ್ ಟೇಪ್ ಎಳೆದು ಸುತ್ತುತ್ತೇನೆ. ವೈರಿಂಗ್‌ನ ಕಪ್ಪು ಟೇಪ್ ಒಂದು ಬೇಸಿಗೆಗೆ ಬಿಚ್ಚಿಕೊಳ್ಳುತ್ತದೆ.

ಬನಹಟ್ಟಿ ಮಗ್ಗ (ಭಾನುವಾರ, ರಾತ್ರಿ 9:05)

ಕಾಕಾ, ನಮ್ಮವರು ಡೈಸೆಕ್ ವಾಪಸ್ ಕೊಟ್ಟು 2400 ಅಂತ ಬರೆದ ಎರಡು ದಾರಿಯ ಸ್ಪ್ಲಿಟರ್ ತಂದರು. ಹಾಕಿದ ಕೂಡಲೇ ಬಾಕ್ಸಿನಲ್ಲಿ "ಶಾರ್ಟ್" ಅಂತ ಬರುತ್ತಿದೆ. ಸ್ಪ್ಲಿಟರ್ ಕೆಟ್ಟದ್ದಾ?

ಹಳೇ ರೇಡಿಯೋ (ಭಾನುವಾರ, ರಾತ್ರಿ 9:18)

ಹತ್ತಕ್ಕೆ ಒಂಬತ್ತು ಸಲ ಸ್ಪ್ಲಿಟರ್ ಅಲ್ಲ. ಕನೆಕ್ಟರ್ ಬಿಚ್ಚಿ ನೋಡಿ. ಹೊರಗಿನ ಜಾಲರಿಯ ಒಂದು ಎಳೆ ನಡುವಿನ ತಂತಿಗೆ ತಾಗಿರುತ್ತದೆ. ನೂಲಿನ ಎಳೆ ನೋಡಿ ಪಳಗಿದ ಕಣ್ಣು ನಿಮ್ಮದು, ಬೇಗ ಸಿಗುತ್ತದೆ. ಬಿಚ್ಚುವ ಮೊದಲು ಎಲ್ಲಾ ಬಾಕ್ಸಿನ ಪ್ಲಗ್ ಕೀಳಿ, ಒಂದರದ್ದಲ್ಲ. ನಿಮ್ಮ ಬಾಕ್ಸ್ ಬಂದ್ ಇದ್ದರೂ ಇನ್ನೊಂದು ಬಾಕ್ಸಿನ ವೋಲ್ಟ್ ಕೇಬಲಿನಲ್ಲಿರುತ್ತದೆ.

ಬನಹಟ್ಟಿ ಮಗ್ಗ (ಭಾನುವಾರ, ರಾತ್ರಿ 9:40)

ಸಿಕ್ಕಿತು. ಕೂದಲಿನಷ್ಟು ಎಳೆ. ಈಗ ಶೆಡ್ಡಿನಲ್ಲೂ ಬರುತ್ತಿದೆ.

ಗೋಕಾಕ ಕರದಂಟು (ಭಾನುವಾರ, ರಾತ್ರಿ 9:55)

ನನ್ನದೂ ಒಂದು ಪ್ರಶ್ನೆ, ನಗಬೇಡಿ. ಎದುರು ಮನೆಯ ಎರಡನೇ ಮಹಡಿ ಕಟ್ಟುತ್ತಿದ್ದಾರೆ. ನಮ್ಮ ಡಿಶ್ ಮುಖ ಸರಿಯಾಗಿ ಅವರ ಗೋಡೆಗೇ ಇದೆ. ಗೋಡೆ ಎದ್ದ ಮೇಲೆ ಸಿಗ್ನಲ್ ಹೋಗುತ್ತದಾ?

ಹಳೇ ರೇಡಿಯೋ (ಭಾನುವಾರ, ರಾತ್ರಿ 10:12)

ಬಹುಶಃ ಹೋಗುವುದಿಲ್ಲ. ಡಿಶ್ ಮುಖ ಕಂಡಂತೆ ಅದು ನೋಡುವುದಿಲ್ಲ. ಈ ಡಿಶ್‌ಗಳು ಮುಖ ತಗ್ಗಿಸಿ ಕಣ್ಣು ಮೇಲೆ ಇಟ್ಟವು. ನಮ್ಮ ಭಾಗದಿಂದ ಜಿಸ್ಯಾಟ್-15 ಆಗ್ನೇಯ ದಿಕ್ಕಿನಲ್ಲಿ ಸುಮಾರು 61-62 ಡಿಗ್ರಿ ಎತ್ತರದಲ್ಲಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಲ್ಲಿಂದಲೂ ಹೆಚ್ಚೂಕಡಿಮೆ ಅಷ್ಟೇ. ಗೋಡೆ ನಿಮ್ಮ ಡಿಶ್‌ನಿಂದ ಹತ್ತು ಅಡಿ ದೂರ ಇದ್ದರೆ ಅದು ಡಿಶ್‌ಗಿಂತ ಹದಿನೆಂಟು ಅಡಿ ಮೇಲೆ ಏಳುವವರೆಗೆ ಭಯವಿಲ್ಲ. 108.2 ಡಿಗ್ರಿಯ ಉಪಗ್ರಹ ನೋಡುವ ಕಂಪನಿ ಡಿಶ್ ಆಗಿದ್ದರೆ ಬೇರೆ ಮಾತು, ಅದು ಇನ್ನೂ ತಗ್ಗಿನಲ್ಲಿ ಕಾಣುತ್ತದೆ. ಇಂಥ ಎರಡು ಉಪಗ್ರಹಕ್ಕೆ ಒಂದೇ ಸಾದಾ ಡಿಶ್ ಹಂಚಲು ಬರುವುದಿಲ್ಲ. ಅದನ್ನೂ ದಿನಾ ಯಾರಾದರೂ ಕೇಳುತ್ತಾರೆ.

ಆ ಉಪಗ್ರಹವನ್ನು ನೋಡಿಕೊಳ್ಳುವುದು ನಮ್ಮ ಹಾಸನದ ಇಸ್ರೋ ಕೇಂದ್ರದಿಂದ. 2015ರ ನವೆಂಬರ್‌ನಲ್ಲಿ ಹಾರಿಸಿದ್ದು. 36 ಸಾವಿರ ಕಿಲೋಮೀಟರ್ ಮೇಲಿನದ್ದು ಸರಿಯಾಗಿ ನಿಂತಿದೆ, ನಮ್ಮ ಜಗಳವೆಲ್ಲ ಕೊನೆಯ 15 ಮೀಟರಿನದ್ದು.

ಟಿಳಕವಾಡಿ ಎರಡನೇ ಮಹಡಿ (ಸೋಮವಾರ, ಬೆಳಿಗ್ಗೆ 8:30)

ಜಮಖಂಡಿಯವರಿಗೆ: ನಾಲ್ಕನೇ ದಾರಿ ಖಾಲಿ ಇದೆಯಲ್ಲ, ಅದಕ್ಕೆ 75 ಓಮ್‌ನ ಟರ್ಮಿನೇಟರ್ ಮುಚ್ಚಳ ಹಾಕಿ. ಡಿಸಿ (ಬಾಕ್ಸ್ ಕಳಿಸುವ ವೋಲ್ಟ್) ತಡೆಯುವಂಥದ್ದೇ ಕೇಳಿ ತಗೊಳ್ಳಿ. ಸಾದಾ ಮುಚ್ಚಳದ ಮೇಲೆ 13 ವೋಲ್ಟ್ ಬಿದ್ದರೆ ಅದು ಕಾದು ಸುಡುತ್ತದೆ. ಈಗಲೂ ಹೇಳುತ್ತೇನೆ, ಕ್ವಾಡ್ ಹಾಕಿದ್ದರೆ ಇದ್ಯಾವ ತಲೆನೋವೂ ಇರುತ್ತಿರಲಿಲ್ಲ.

ಜಮಖಂಡಿ ಮಾಳಿಗೆ (ಸೋಮವಾರ, ಸಂಜೆ 6:20)

ಸ್ಪ್ಲಿಟರ್ ಒಳಗೆ ತಂದೆ, ಮೆಟ್ಟಿಲ ಕೆಳಗೆ ಹಾಕಿದೆ. ಮೇಲಿನ ಎರಡು ಕನೆಕ್ಟರಿಗೆ ರಬ್ಬರ್ ಟೇಪ್ ಸುತ್ತಿದೆ.

ಟಿಳಕವಾಡಿ ಸರ್, ಮುಚ್ಚಳ ತರುವ ಕೆಲಸ ಉಳಿಯಿತು. ಅವ್ವ ನಿನ್ನೆಯೇ ಪಕ್ಕದ ಮನೆಯ ಮಾಮಾನಿಗೆ "ನಮ್ಮಲ್ಲಿ ಇನ್ನೊಂದು ತೂತು ಖಾಲಿ ಇದೆ" ಅಂತ ಹೇಳಿಬಿಟ್ಟಿದ್ದಾಳೆ. ಅವರು ಈಗ 40 ಮೀಟರ್ ಕೇಬಲಿನ ಸುರುಳಿ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಅಯಸ್ಕಾಂತ ಹಿಡಿದು ನೋಡಿದೆ, ಅಂಟಿತು. ಆದರೂ ಹಾಕಿ ನೋಡೋಣ ಅನ್ನುತ್ತಿದ್ದಾರೆ.

ಮೊದಲು ಅವರ ಮನೆಗೆ ಹೋಗಿ ಬಾಕ್ಸಿನ ಮೆನು ನೋಡಿ ಬರುತ್ತೇನೆ.